ಹನ್ನೊಂದು ನಾಣ್ಯ, ಒಂದೇ ಅಚ್ಚು

ಕೊರೋನಾ ಮುಗಿದ ಮರುವರ್ಷದ ಮಾತು. ಹುನಗುಂದ ಕಡೆಯ ಒಂದು ಸರ್ಕಾರಿ ಐಟಿಐಯಲ್ಲಿ ನಾನು ಟೂಲ್ ಅಂಡ್ ಡೈ ವಿಭಾಗದ ಹಿರಿಯ ಬೋಧಕನಾಗಿದ್ದೆ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಡೈ ಎಂದರೆ ಗಟ್ಟಿ ಉಕ್ಕಿನಲ್ಲಿ ಕೊರೆದ ಅಚ್ಚು. ಲೋಹದ ಬಿಲ್ಲೆಯನ್ನೋ ತಗಡನ್ನೋ ಅದರ ಕೆಳಗಿಟ್ಟು ಪ್ರೆಸ್‌ನಿಂದ ಒತ್ತಿದರೆ ಬೇಕಾದ ಆಕಾರ ಮೂಡುತ್ತದೆ. ಕಪಾಟಿನ ಕೊಂಡಿಯಿಂದ ಹಿಡಿದು ಕಿಸೆಯೊಳಗಿನ ನಾಣ್ಯದವರೆಗೆ ಎಲ್ಲವೂ ಹೀಗೆ ಆದವುಗಳೇ. ಮೂವತ್ತು ವರ್ಷ ಇದನ್ನೇ ಕಲಿಸಿ ನನಗೊಂದು ಜಂಬ ಬಂದುಬಿಟ್ಟಿತ್ತು. ಯಾವ ಲೋಹದ ತುಣುಕು ಕೊಟ್ಟರೂ ಅದು ಹೇಗೆ ತಯಾರಾಯಿತೆಂದು ನೋಡಿದ ಕೂಡಲೇ ಹೇಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ. ನನ್ನ ಹೆಂಡತಿ ಸಾವಿತ್ರಿ ಮದುವೆಮನೆಗಳಲ್ಲಿ ನನ್ನನ್ನು ಉಡುಗೊರೆಯ ಸ್ಟೀಲ್ ಪಾತ್ರೆಗಳಿಂದ ದೂರ ಕೂರಿಸುತ್ತಿದ್ದಳು.

ಆಗ ನಮ್ಮ ಭಾಗದಲ್ಲಿ ಹತ್ತು ರೂಪಾಯಿಯ ನಾಣ್ಯಕ್ಕೆ ಕೆಟ್ಟ ಕಾಲ. ಅದು ಖೋಟಾ ಎಂಬ ಗಾಳಿಸುದ್ದಿ ಎಲ್ಲಿ ಹುಟ್ಟಿತೋ ಯಾರಿಗೂ ಗೊತ್ತಿಲ್ಲ. ಚಹಾದಂಗಡಿಯವರು ಮುಟ್ಟುತ್ತಿರಲಿಲ್ಲ, ಕಾಯಿಪಲ್ಲೆಯವರು ಮುಟ್ಟುತ್ತಿರಲಿಲ್ಲ. ನಡೆಯುವ ನಾಣ್ಯವೇ ಎಂದು ಬ್ಯಾಂಕಿನವರು ಎಷ್ಟು ಹೇಳಿದರೂ ಜನ ಕೇಳಲಿಲ್ಲ. ಮನೆಮನೆಯ ಡಬ್ಬಿಗಳಲ್ಲಿ ಅದು ಸುಮ್ಮನೆ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಊರೂರು ತಿರುಗಿ, ಕೈಯಿಂದ ನೋಟು ಕೊಟ್ಟು, ಯಾರಿಗೂ ಬೇಡವಾದ ಆ ನಾಣ್ಯವನ್ನೇ ಕೊಳ್ಳುತ್ತಾನೆಂದರೆ ಅನುಮಾನ ಬಾರದೇ ಇರುತ್ತದೆಯೇ?

ಆತ ರಾಜೇಸಾಬ. ಐವತ್ತು ದಾಟಿದವ. ಇಳಕಲ್ಲಿನಲ್ಲಿ ಬೀಗ-ಕೀಲಿ ರಿಪೇರಿಯ ಸಣ್ಣ ಡಬ್ಬಿ ಅಂಗಡಿ ಇಟ್ಟುಕೊಂಡಿದ್ದ. ವಾರದಲ್ಲಿ ಎರಡು ಮೂರು ದಿನ ಹಳೆಯ ಮೊಪೆಡ್ ಹತ್ತಿ ಮರೋಳ, ಕೂಡಲಸಂಗಮ, ಬೇವೂರು, ಬಾದಾಮಿ ಎಂದು ಸುತ್ತಿ ಕಳೆದುಹೋದ ಕೀಲಿಕೈಗಳನ್ನು ಮಾಡಿಕೊಟ್ಟು ಬರುತ್ತಿದ್ದ. ನನಗೆ ಮುಖಪರಿಚಯ ಅಷ್ಟೇ. ಆತನಿಗೊಂದು ಹವ್ಯಾಸವಿದೆ ಎಂಬುದು ನನಗಾಗಲಿ ಊರಿಗಾಗಲಿ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಸಂಸ್ಥೆಗೆ ಒಬ್ಬ ಕಾನ್‌ಸ್ಟೇಬಲ್ ಬಂದರು. ಠಾಣೆಗೆ ಅಚ್ಚಿನ ಕೆಲಸ ಬಲ್ಲವರು ಬೇಕಂತೆ. ಪ್ರಾಚಾರ್ಯರು ನನ್ನ ಹೆಸರು ಹೇಳಿದರು. ನಾನು ಕನ್ನಡಿ ನೋಡಿಕೊಂಡು, ತಲೆ ಬಾಚಿಕೊಂಡು ಹೊರಟೆ. ಸುಳ್ಳು ಯಾಕೆ ಹೇಳಲಿ, ಹಿಗ್ಗಿದ್ದೆ.

ಠಾಣೆಯ ಮೇಜಿನ ಮೇಲೆ ಲೋಹವನ್ನು ಬಿಗಿಹಿಡಿಯುವ ಒಂದು ಕೈವೈಸ್, ಲೋಹ ಉಜ್ಜುವ ಏಳೆಂಟು ಅರ, ಒಂದು ಕಾಗದದಲ್ಲಿ ಹಿತ್ತಾಳೆಯ ಪುಡಿ, ಹಲ್ಲು ಕೊರೆಯದ ಕೀಲಿಕೈಗಳ ಗೊಂಚಲು, ಕೀಲಿಕೈಯ ಗುರುತು ತೆಗೆಯುವ ಮೇಣದ ಮುದ್ದೆ. ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಹತ್ತು ರೂಪಾಯಿಯ ಹನ್ನೊಂದು ನಾಣ್ಯ. ಎಲ್ಲವೂ ರಾಜೇಸಾಬನ ಅಂಗಡಿಯಲ್ಲಿ ಸಿಕ್ಕವು; ಆತ ನಾಣ್ಯ ಕೊಳ್ಳುವುದನ್ನು ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿ ದೂರು ಕೊಟ್ಟಿದ್ದರು. ಪಿಎಸ್‌ಐ ಹಳೆ ಮೈಸೂರಿನ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಎದ್ದುನಿಂತು ಕುರ್ಚಿ ಕೊಟ್ಟರು.

"ಒಂದೇ ಪ್ರಶ್ನೆ ಸರ್," ಎಂದರು. "ಈ ಹನ್ನೊಂದೂ ಒಂದೇ ಅಚ್ಚಿನಿಂದ ಬಂದಿವೆಯಾ?"

ಭೂತಗನ್ನಡಿ ತೆಗೆದು ನೋಡಿದೆ. ಪ್ರತಿ ನಾಣ್ಯದ ಎಡ ಅಂಚಿನಿಂದ ಒಂದು ಉಬ್ಬಿದ ಗೆರೆ ಹೊರಟು, ಹಳದಿ ಬಳೆಯನ್ನು ದಾಟಿ, ನಡುವಿನ ಬಿಳಿ ಬಿಲ್ಲೆಗೆ ಹೊಕ್ಕು, ಹತ್ತರ ಅಂಕಿಯನ್ನು ಸೀಳಿಕೊಂಡು ಹೋಗಿತ್ತು. ಹನ್ನೊಂದರಲ್ಲೂ ಅದೇ ಗೆರೆ, ಅದೇ ಬಳುಕು. ಅಚ್ಚು ಸೀಳಿದರೆ ಹೀಗಾಗುತ್ತದೆ. ಒತ್ತಡಕ್ಕೆ ಲೋಹ ಆ ಸೀಳಿನೊಳಗೂ ನುಗ್ಗಿ ನಾಣ್ಯದ ಮೇಲೆ ಏರುಗೆರೆಯಾಗಿ ನಿಲ್ಲುತ್ತದೆ. ಒಂದು ಅಚ್ಚಿನ ಸೀಳು ಇನ್ನೊಂದಕ್ಕೆ ಬರುವುದಿಲ್ಲ.

"ನೂರಕ್ಕ ನೂರು ಒಂದ ಡೈ," ಎಂದೆ. ಅಷ್ಟಕ್ಕೆ ನಿಲ್ಲಿಸದೆ, ಈ ಗೆರೆ ಮನುಷ್ಯನ ಬೆರಳಚ್ಚು ಇದ್ದ ಹಾಗೆ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಬರೆಯುವವರು ಬರೆದುಕೊಂಡರು. 'ಪರಿಶೀಲಿಸಿದ ಹನ್ನೊಂದು ನಾಣ್ಯಗಳೂ ಒಂದೇ ದೋಷಪೂರಿತ ಅಚ್ಚಿನಿಂದ ತಯಾರಾಗಿವೆ' ಎಂಬ ವಾಕ್ಯದ ಕೆಳಗೆ ಸಹಿ ಮಾಡಿದೆ. ಕೊಟ್ಟ ಚಹಾ ಕುಡಿದೆ. ನನ್ನ ಅಂಗಿಯ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಇತ್ತು. ಅಳತೆ ಎಷ್ಟೆಂದು ಯಾರೂ ಕೇಳಲಿಲ್ಲ. ನಾನೂ ತೆಗೆಯಲಿಲ್ಲ.

ಹೊರಗೆ ಬರುವಾಗ ಬಾಗಿಲ ಬಳಿಯ ಬೆಂಚಿನ ಮೇಲೆ ರಾಜೇಸಾಬ ಕೂತಿದ್ದ. ಒಳಗೆ ಆಡಿದ್ದೆಲ್ಲ ಆತನಿಗೆ ಕೇಳಿಸಿತ್ತು. ನನ್ನನ್ನು ನೋಡಿ ಎದ್ದುನಿಂತ.

"ಸರ, ಉಳಿದದ್ದೂ ಹೇಳ್ರಿ," ಎಂದ.

ಕಾನ್‌ಸ್ಟೇಬಲ್ ಆತನನ್ನು ಕೂರಿಸಿದರು. ಸಿಕ್ಕಿಬಿದ್ದವರು ಏನೇನೋ ಬೇಡಿಕೊಳ್ಳುತ್ತಾರೆ ಎಂದುಕೊಂಡು ನಾನು ಚಪ್ಪಲಿ ಮೆಟ್ಟಿ ಹೊರಟುಬಂದೆ.

ಮರುದಿನ ಬೆಳಿಗ್ಗೆ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಸುದ್ದಿ. ಖೋಟಾ ನಾಣ್ಯ ಹೊಡೆಯುತ್ತಿದ್ದವನ ಬಂಧನ, ಒಂದೇ ಅಚ್ಚು ಎಂದು ತಜ್ಞರ ದೃಢೀಕರಣ. ತಜ್ಞರು ಎಂದರೆ ನಾನು. ಚಹಾದಂಗಡಿಯವ ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಇಂಥವರನ್ನು ಠಾಣೆಗೆ ಯಾಕೆ ಒಯ್ಯಬೇಕು, ನಮ್ಮ ಕೈಗೆ ಕೊಡಲಿ ಎಂದು ಯಾರೋ ಬರೆದಿದ್ದರು. ಅದರ ಕೆಳಗೆ ಹೆಬ್ಬೆರಳು ಎತ್ತಿದ ಚಿತ್ರಗಳ ಸಾಲು. ಅವುಗಳಲ್ಲಿ ನನಗೆ ಪರಿಚಯದವರ ಹೆಸರೂ ಇದ್ದವು. ಅದನ್ನು ನೋಡಿ ಫೋನನ್ನು ಬೋರಲು ಹಾಕಿಟ್ಟೆ.

ಹತ್ತು ಗಂಟೆಗೆ ಪಿಎಸ್‌ಐ ಫೋನ್ ಮಾಡಿದರು. ಅಂಗಡಿ, ಮನೆ ಎಲ್ಲ ಹುಡುಕಿದರೂ ಅಚ್ಚು ಸಿಕ್ಕಿಲ್ಲ, ಅದು ಎಷ್ಟು ದೊಡ್ಡದಿರುತ್ತದೆ, ಹೂತಿಟ್ಟರೆ ಕೆಡುತ್ತದೆಯೇ ಎಂದು ವಿಚಾರಿಸಿದರು. ಮುಷ್ಟಿಗಿಂತ ಸ್ವಲ್ಪ ದೊಡ್ಡದು ಎಂದು ಬಾಯಿಗೆ ಬಂದದ್ದು ಹೇಳಿದೆ. ಫೋನ್ ಇಟ್ಟ ಮೇಲೆ ನಾನು ಹೇಳಿದ್ದರ ಅರ್ಥ ಹೊಳೆಯಿತು. ನಾನು ಅಚ್ಚು ಇದೆ ಎಂದು ಸಹಿ ಮಾಡಿದ್ದೇನೆ. ಅವರು ಅದನ್ನು ಆ ಮನುಷ್ಯನ ಬಳಿ ಕೇಳುತ್ತಿದ್ದಾರೆ. ಆತನ ಬಳಿ ಅದು ಇಲ್ಲದಿದ್ದರೆ? ನಾಣ್ಯ ಒತ್ತಲು ಹತ್ತಾರು ಟನ್ ಬಲದ ಪ್ರೆಸ್ ಬೇಕು. ಮೇಜಿನ ಮೇಲೆ ಇದ್ದದ್ದು ಅಂಗೈಯಷ್ಟು ವೈಸ್. ಇಷ್ಟು ಸಣ್ಣ ಮಾತು ಮೂವತ್ತು ವರ್ಷ ಪಾಠ ಹೇಳಿದ ನನ್ನ ತಲೆಗೆ ಹಿಂದಿನ ದಿನ ಹೊಳೆದಿರಲಿಲ್ಲ. ಪ್ರೆಸ್ ಇತ್ತೇ ಎಂದು ಯಾರೂ ಕೇಳಿರಲಿಲ್ಲವಲ್ಲ.

ಅಂದು ಸಂಜೆ ನಾಲ್ಕರ ಹೊತ್ತಿಗೆ ರಾಜೇಸಾಬನ ಹೆಂಡತಿ ಹುಸೇನಬಿ ನಮ್ಮ ಮನೆಗೆ ಬಂದಳು. ಬುರ್ಖಾದ ಮೇಲೆಲ್ಲ ಜೋಳದ ಧೂಳು. ಕುಳಿತುಕೊಳ್ಳಲಿಲ್ಲ. ಕೈಚೀಲದಿಂದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ನನ್ನ ಮುಂದೆ ಹಿಡಿದಳು. ಪೊಲೀಸರು ಮನೆಗೆ ಬಂದಾಗ ಅಂಜಿ ಅದನ್ನು ಜೋಳದ ಚೀಲದೊಳಗೆ ತುರುಕಿದ್ದಳಂತೆ. ಅವರಿಗೆ ಸಿಕ್ಕಿರಲಿಲ್ಲ.

"ಅಚ್ಚು ಎಲ್ಲಿ ಇಟ್ಟೀದಿ ಅಂತ ಕೇಳಾಕ ಹತ್ಯಾರಂತ್ರಿ. ಇಲ್ಲದ್ದನ್ನ ಎಲ್ಲಿಂದ ತಂದ ಕೊಡ್ಬೇಕ್ರಿ ಅವ್ರು?" ಎಂದಳು. "ಇವನ್ನ ಹೊಳಿಗೆ ಒಗದ ಬರ್ಲೇನ್ರಿ ಸರ? ನೀವ ಹೇಳ್ರಿ. ನಿಮ್ಮ ಮಾತಿಗೆ ಅವ್ರನ್ನ ಒಳಗ ಹಾಕ್ಯಾರ."

ಫೈಲ್ ತೆರೆದೆ. ರಟ್ಟಿನ ಚೌಕಗಳಲ್ಲಿ ಹದಿನಾಲ್ಕು ನಾಣ್ಯ. ಪ್ರತಿ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು, ಎರಡು, ಮೂರು ಎಂದು ಸಂಖ್ಯೆ. ಮೊದಲನೆಯದರಲ್ಲಿ ದೋಷವೇ ಇಲ್ಲ ಎನಿಸಿತು. ಕಿಟಕಿಯ ಬೆಳಕಿಗೆ ಹಿಡಿದಾಗ ಎಡ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು, ಎಳ್ಳಿನಷ್ಟು ಉದ್ದ. ಎರಡನೆಯದರಲ್ಲಿ ಅದು ಇನ್ನಷ್ಟು ಬೆಳೆದಿತ್ತು. ಐದನೆಯದರಲ್ಲಿ ಹಳದಿ ಬಳೆಯನ್ನು ದಾಟಿತ್ತು. ಒಂಬತ್ತನೆಯದರಲ್ಲಿ ಅಂಕಿಗೆ ತಾಗಿತ್ತು. ಹನ್ನೆರಡರಲ್ಲಿ ಅಂಕಿ ಸೀಳಿತ್ತು. ಕೊನೆಯದರಲ್ಲಿ ಅಂಚಿನ ಬಳಿ ಅಚ್ಚಿನ ಚೂರೊಂದು ಮುರಿದುಬಿದ್ದು, ಆ ಜಾಗದಲ್ಲಿ ಲೋಹ ಉಬ್ಬಿ ಗಂಟಾಗಿ ನಿಂತಿತ್ತು.

ಒಂದು ಅಚ್ಚು ಸವೆದು, ಸೀಳಿ, ಮುರಿದು ಸಾಯುವ ತನಕದ ಕಥೆ ಅಲ್ಲಿತ್ತು. ಮನೆಯಲ್ಲಿ ಖೋಟಾ ಮಾಡುವವರು ಒಂದು ಅಸಲಿ ನಾಣ್ಯವನ್ನು ಮಣ್ಣಿನಲ್ಲೋ ಮರಳಿನಲ್ಲೋ ಒತ್ತಿ, ಆ ಗುಳಿಗೆ ಲೋಹ ಕರಗಿಸಿ ಹೊಯ್ಯುತ್ತಾರೆ. ಆಗ ಮೂಲದಲ್ಲಿದ್ದ ಗೆರೆ ಎಲ್ಲದರಲ್ಲೂ ಇದ್ದ ಹಾಗೇ ಬರುತ್ತದೆ, ಬೆಳೆಯುವುದಿಲ್ಲ. ಗೆರೆ ಬೆಳೆಯಬೇಕೆಂದರೆ ಉಕ್ಕಿನ ಅಚ್ಚು ಪ್ರೆಸ್ಸಿನ ಪೆಟ್ಟನ್ನು ಸಾವಿರಾರು ಸಲ ತಿನ್ನಬೇಕು. ಅದು ಸರ್ಕಾರದ ಟಂಕಸಾಲೆಯಲ್ಲಿ ಮಾತ್ರ ಆಗುವಂಥದ್ದು. ರಾಜೇಸಾಬ ಉಳಿದದ್ದೂ ಹೇಳಿ ಎಂದು ಕೇಳಿಕೊಂಡದ್ದು ಇದನ್ನೇ.

ಹುಸೇನಬಿ ನಿಂತೇ ವಿಷಯ ತಿಳಿಸಿದಳು. ದೋಷವಿರುವ ನಾಣ್ಯ ಕೂಡಿಸುವುದು ಗಂಡನಿಗೆ ಹತ್ತು ವರ್ಷದ ಹುಚ್ಚು. ಕೀಲಿಕೈಯ ಸವೆತ ನೋಡಿ ನೋಡಿ, ನಾಣ್ಯದ ಸವೆತವೂ ಕಣ್ಣಿಗೆ ಬೀಳತೊಡಗಿತ್ತು. ಬಾದಾಮಿಯ ಒಬ್ಬ ಖಾನಾವಳಿಯವರು ಬ್ಯಾಂಕಿನಿಂದ ಹೊಸ ನಾಣ್ಯದ ಚೀಲವೊಂದನ್ನು ತಂದು, ಗಿರಾಕಿಗಳು ಮುಟ್ಟದೆ ಕಂಗಾಲಾಗಿದ್ದರು. ಈತ ನೋಟು ಕೊಟ್ಟು ಪೂರ್ತಿ ಚೀಲ ತಂದ. ಒಂದೇ ಚೀಲವಾದ್ದರಿಂದ ಒಂದೇ ಅಚ್ಚಿನವು ಸಾಲಾಗಿ ಸಿಕ್ಕವು. ಹದಿನಾಲ್ಕನ್ನು ಜೋಡಿಸಿ ಮನೆಯಲ್ಲಿಟ್ಟು, ಒಂದೇ ತರಹ ಸೀಳಿದ ಹನ್ನೊಂದನ್ನು ಬೇರೆ ಹವ್ಯಾಸಿಗಳಿಗೆ ಕೊಡಲೆಂದು ಅಂಗಡಿಯ ಡಬ್ಬಿಯಲ್ಲಿ ಹಾಕಿದ್ದ. ಪೊಲೀಸರಿಗೆ ಸಿಕ್ಕದ್ದು ಆ ಡಬ್ಬಿ.

ಹೊಳೆಗೆ ಎಸೆಯಬೇಡ, ಇದೇ ಆತನನ್ನು ಉಳಿಸುವುದು ಎಂದೆ. ಆಕೆ ನಂಬಲಿಲ್ಲ. ಹನ್ನೊಂದಕ್ಕೇ ಹೀಗಾದರೆ ಇನ್ನೂ ಹದಿನಾಲ್ಕು ಸಿಕ್ಕರೆ ಗತಿಯೇನು ಎಂದಳು. ಕೊನೆಗೆ ಫೈಲನ್ನು ನನ್ನ ಮನೆಯಲ್ಲೇ ಬಿಟ್ಟು ಹೋದಳು. ತನ್ನ ಮನೆಗೆ ಮರಳಿ ಒಯ್ಯಲು ಆಕೆಗೆ ಧೈರ್ಯವಿರಲಿಲ್ಲ.

ಈಗ ನನ್ನ ಸರದಿ. ಪೊಲೀಸರು ತನಿಖೆ ನಡೆಸುತ್ತಿರುವ ಪ್ರಕರಣದ ನಾಣ್ಯಗಳು ಸರ್ಕಾರಿ ನೌಕರನೊಬ್ಬನ ಮನೆಯ ಕಪಾಟಿನಲ್ಲಿ. ಖೋಟಾ ನಾಣ್ಯ ಇಟ್ಟುಕೊಳ್ಳುವುದೂ ಅಪರಾಧ, ತಯಾರಿಸಿದರೆ ಜೀವಾವಧಿಯವರೆಗೆ ಶಿಕ್ಷೆ. ಮರುದಿನ ಪ್ರಾಚಾರ್ಯರ ಬಳಿ ಸೂಚ್ಯವಾಗಿ ವಿಷಯ ಎತ್ತಿದೆ. ಕೊಟ್ಟ ಹೇಳಿಕೆ ಕೊಟ್ಟಾಯಿತು, ಬಾಯಿಗೆ ಬೀಗ ಹಾಕಿಕೊಂಡು ಪಿಂಚಣಿ ತೆಗೆದುಕೊಳ್ಳುವುದನ್ನು ನೋಡಿ ಎಂದರು. ಹುನಗುಂದದಲ್ಲಿ ರಾಜೇಸಾಬನ ಪರ ನಿಂತಿದ್ದ ವಕೀಲೆ ಶೈಲಜಾ ಅವರಿಗೆ ಫೋನ್ ಮಾಡಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಸಹಿ ಮಾಡಿ ಹಿಂದ ಸರದ್ರ, ಎಷ್ಟು ರೊಕ್ಕಾ ತಗೊಂಡ್ರಿ ಅಂತ ನಿಮ್ಮನ್ನ ಕೇಳ್ತಾರ ಸರ. ತಯಾರಿದ್ರ ಬರ್ರಿ," ಎಂದರು.

ನಾನು ತಯಾರಿರಲಿಲ್ಲ. ಎರಡು ದಿನ ಹೋಗಲಿಲ್ಲ. ಇದನ್ನು ಬರೆಯಲು ನನಗೆ ಇಂದಿಗೂ ನಾಚಿಕೆ. ಬೀದಿಯಲ್ಲಿ ಬೈಕ್ ನಿಂತರೆ ಕಪಾಟಿನ ಕಡೆ ನೋಡುತ್ತಿದ್ದೆ. ವರ್ಕ್‌ಶಾಪಿನಲ್ಲಿ ಪ್ರೆಸ್ ಬಡಿದರೆ ಬೆಚ್ಚುತ್ತಿದ್ದೆ. ಆ ಎರಡು ದಿನಗಳಲ್ಲಿ ರಾಜೇಸಾಬನನ್ನು ನ್ಯಾಯಾಂಗ ಬಂಧನಕ್ಕೆ ಕಳಿಸಿದರು. ಯಾರೋ ಆತನ ಡಬ್ಬಿ ಅಂಗಡಿಯ ಬಾಗಿಲು ಮುರಿದು ಒಳಗಿದ್ದ ಕೀಲಿಗಳನ್ನೆಲ್ಲ ರಸ್ತೆಗೆ ಚೆಲ್ಲಿದರು. ನಾನು ಬಸ್ಸಿನಲ್ಲಿ ಹಾಯುವಾಗ ಅವು ಇನ್ನೂ ಅಲ್ಲೇ ಬಿದ್ದಿದ್ದವು. ನಾನು ಇಳಿಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದ. ನನ್ನ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಸಾವಿತ್ರಿ ಬಟ್ಟೆ ತಂದು ಒರೆಸುತ್ತ, ದನಿ ಏರಿಸದೆ ಹೇಳಿದಳು. "ಹಾಲಿನವ್ಗ ಹಿಂಗ ಅಂಜತೀರಿ. ಆ ಮನಷ್ಯಾ ಅಲ್ಲಿ ಹ್ಯಾಂಗ ಕುಂತಿರಬೇಕು?"

ಅಂಗಿ ಬದಲಿಸಿಕೊಂಡು ಹುನಗುಂದದ ಬಸ್ ಹತ್ತಿದೆ. ಫೈಲ್ ತೊಡೆಯ ಮೇಲಿತ್ತು, ಅದರ ಮೇಲೆ ಎರಡೂ ಕೈ. ಟಿಕೆಟಿಗೆ ಕೈ ಎತ್ತಲೂ ಭಯ. ಶೈಲಜಾ ಅವರು ಹದಿನಾಲ್ಕನ್ನೂ ಪಟ್ಟಿ ಮಾಡಿ, ನನ್ನ ಪ್ರಮಾಣಪತ್ರ ಬರೆಸಿ, ಜಾಮೀನು ಅರ್ಜಿಯ ಜೊತೆ ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಿದರು. ವಿಷಯ ತಿಳಿದು ಪಿಎಸ್‌ಐ ಫೋನ್ ಮಾಡಿದರು. ಮೊನ್ನೆ ಒಂದು ಇವತ್ತು ಒಂದು ಹೇಳುವುದಾದರೆ ನಿಮ್ಮನ್ನು ತಜ್ಞರೆಂದು ಕರೆದದ್ದು ನನ್ನ ತಪ್ಪು ಎಂದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ನಾನು ಹೇಳಿದ್ದನ್ನೇ ಅವರು ಬರೆದುಕೊಂಡಿದ್ದರು.

ವಿಚಾರಣೆ ಎರಡು ಸಲ ಮುಂದೆ ಹೋಗಿ ಮೂರನೆಯ ಸಲ ನಡೆಯಿತು. ನ್ಯಾಯಾಧೀಶರು ಠಾಣೆಯಲ್ಲಿದ್ದ ಹನ್ನೊಂದನ್ನೂ ತರಿಸಿ, ತಮ್ಮೆದುರೇ ಅಳೆಯಲು ಹೇಳಿದರು. ಕರಗಿಸಿ ಹೊಯ್ದ ಲೋಹ ಆರುವಾಗ ಕುಗ್ಗುತ್ತದೆ. ಖೋಟಾ ಆಗಿದ್ದರೆ ವ್ಯಾಸ ಅಸಲಿಗಿಂತ ಕಡಿಮೆ ಇರಲೇಬೇಕು. ವರ್ನಿಯರ್ ಹಿಡಿದು ಮೊದಲ ನಾಣ್ಯವನ್ನು ಮೂರು ಸಲ ಅಳೆದೆ. ಒಂದರಲ್ಲಿ ಕಡಿಮೆ ಬಂದರೂ ಆ ಮನುಷ್ಯನ ಕಥೆ ಮುಗಿಯಿತು, ನನ್ನದೂ ಮುಗಿಯಿತು. ಕಟಕಟೆಯ ಪಕ್ಕದಲ್ಲಿ ರಾಜೇಸಾಬ ಕಣ್ಣು ಮುಚ್ಚಿ ನಿಂತಿದ್ದ. ಹನ್ನೊಂದೂ ಇಪ್ಪತ್ತೇಳು ಮಿಲಿಮೀಟರ್. ತಕ್ಕಡಿಯಲ್ಲಿ ಪ್ರತಿಯೊಂದೂ 7.7 ಗ್ರಾಂ ಆಸುಪಾಸು, ಅಸಲಿ ನಾಣ್ಯ ಎಷ್ಟಿರಬೇಕೋ ಅಷ್ಟೇ.

ಸರ್ಕಾರಿ ವಕೀಲರು ನನ್ನ ಹಳೆಯ ಹೇಳಿಕೆಯನ್ನು ಎತ್ತಿ ಓದಿದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಆ ದಿನ ಒಂದೇ ಅಚ್ಚು ಎಂದಿದ್ದಿರಿ, ಈಗ ಏನು ಹೇಳುತ್ತೀರಿ ಎಂದು ಕೇಳಿದರು.

"ಈಗಲೂ ಒಂದೇ ಅಚ್ಚು ಸ್ವಾಮಿ," ಎಂದೆ. "ಆದರೆ ಆ ಅಚ್ಚು ಸರ್ಕಾರದ್ದು."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಯಾರೂ ಕೇಳಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನನ್ನ ತಪ್ಪು ಎಂದು ಮಾತ್ರ ಹೇಳಿದೆ. ಅವರು ಅದನ್ನೂ ಬರೆಸಿಕೊಂಡರು.

ಬಂಧನವಾದ ಇಪ್ಪತ್ತೆರಡನೆಯ ದಿನ ಜಾಮೀನು ಸಿಕ್ಕಿತು. ಅದರಲ್ಲಿ ಎರಡು ದಿನ ನನ್ನ ಅಂಜಿಕೆಯವು. ನಾಣ್ಯಗಳು ಟಂಕಸಾಲೆಗೆ ಹೋದವು. ಐದು ತಿಂಗಳ ಮೇಲೆ ವರದಿ ಬಂತು. ಇಪ್ಪತ್ತೈದೂ ಅಸಲಿ, ಸವೆದ ಅಚ್ಚಿನಿಂದಾದ ದೋಷ ಎಂದಿತ್ತು. ಪ್ರಕರಣ ಮುಗಿಯಿತು. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಆ ಸುದ್ದಿ ಬಂದದ್ದನ್ನು ನಾನು ನೋಡಲಿಲ್ಲ. ಇಲಾಖೆ ನನ್ನಿಂದ ಒಂದು ವಿವರಣೆ ಬರೆಸಿಕೊಂಡು ಸುಮ್ಮನಾಯಿತು.

ವರದಿ ಬಂದ ವಾರ ಧೈರ್ಯ ಮಾಡಿ ರಾಜೇಸಾಬನ ಅಂಗಡಿಗೆ ಹೋದೆ. ಬಾಗಿಲಿಗೆ ಹೊಸ ತಗಡು ಬಡಿದಿದ್ದ. ಊರೂರು ಹೋಗುವುದನ್ನು ಬಿಟ್ಟಿದ್ದ. ಗುರುತಿಲ್ಲದ ಬೀದಿಯಲ್ಲಿ ನಾಲ್ಕು ಜನ ಗುಂಪಾಗಿ ನಿಂತರೆ ಮೊಪೆಡ್ ತಿರುಗಿಸಿಬಿಡಬೇಕು ಅನ್ನಿಸುತ್ತದೆ ಎಂದ. ನನಗೆ ಸ್ಟೂಲ್ ಕೊಟ್ಟು, ಚಹಾ ತರಿಸಿದ. ನಾನು ಕ್ಷಮೆ ಕೇಳಿದೆ. ನಾನೇನೂ ಸುಳ್ಳು ಹೇಳಿರಲಿಲ್ಲ, ಆದರೂ ತಪ್ಪಾಯಿತು ಎಂದೆ. ಆತ ಅರವನ್ನು ಕೆಳಗಿಟ್ಟ.

"ನೀವು ಸುಳ್ಳ ಹೇಳಿದ್ರ ನನಗ ಅಷ್ಟು ಅಂಜಿಕಿ ಆಗ್ತಿರಲಿಲ್ರಿ ಸರ," ಎಂದ. "ಸುಳ್ಳನ್ನ ವಕೀಲರು ಹಿಡೀತಿದ್ರು. ನೀವು ಹೇಳಿದ್ದು ಖರೇನ ಇತ್ತು. ಖರೇದನ್ನ ಹ್ಯಾಂಗ ಸುಳ್ಳ ಮಾಡೂದು ಅಂತ ಒಳಗ ಕುಂತು ದಿನಾ ಯೋಚನಿ ಮಾಡ್ತಿದ್ನಿ. ಅದಕ್ಕ ದಾರಿನ ಕಾಣ್ತಿರಲಿಲ್ರಿ."

ಚಹಾ ಆರಿಹೋಯಿತು.

ಸೇವೆಯ ಉಳಿದ ದಿನಗಳಲ್ಲಿ ನನ್ನ ವಿದ್ಯಾರ್ಥಿಗಳಿಗೆ ಒಂದು ಹೊಸ ನಿಯಮ ಮಾಡಿದೆ. ಯಾವ ತುಣುಕನ್ನು ಪರೀಕ್ಷಿಸಿದರೂ ಕಂಡದ್ದನ್ನು ಬರೆದ ಮೇಲೆ, ಯಾವುದನ್ನು ನೋಡಿಲ್ಲ, ಯಾವುದನ್ನು ಅಳೆದಿಲ್ಲ ಎಂಬುದನ್ನೂ ಬರೆದು ಆಮೇಲೆ ಸಹಿ ಹಾಕಬೇಕು. ನಿವೃತ್ತನಾದ ಮೇಲೂ ಆಗಾಗ ಯಾರಾದರೂ ಒಂದು ಬಿಡಿಭಾಗವನ್ನೋ ಒಡೆದ ಕೀಲಿಯನ್ನೋ ತಂದು, ಒಂದೇ ಮಾತಿನಲ್ಲಿ ಹೇಳಿ ಸರ್ ಎನ್ನುತ್ತಾರೆ. ನಾನು ಹೇಳಿದ್ದರಿಂದ ಯಾರಿಗೆ ಏನಾಗುತ್ತದೆ ಎಂದು ಮೊದಲು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬಂದು ವಸ್ತು ಎತ್ತಿಕೊಂಡು ಹೊರಟುಹೋಗುತ್ತಾರೆ. ಹೋಗಲಿ ಎಂದು ಬಿಟ್ಟುಬಿಡುತ್ತೇನೆ.